ಹುಲ್ಲುಹಾಸಿನ ಜಾಲಿ

ಹನ್ನೊಂದು ವರ್ಷ ಒಬ್ಬರ ಮನೆಯ ಹುಲ್ಲು ನೋಡಿಕೊಂಡವನಿಗೆ ಆ ಹುಲ್ಲು ತನ್ನದೇ ಅನ್ನಿಸದಿದ್ದರೆ ಅವನು ಮಾಲಿಯೇ ಅಲ್ಲ. ವಿಜಯಪುರದ ಸ್ಟೇಷನ್ ರಸ್ತೆಯ ಹಿಂದೆ, ನಿವೃತ್ತ ಎಂಜಿನಿಯರ್ ಸಿದ್ದಲಿಂಗೇಶರ ಮನೆಯ ಇಸಾಕ ಅಂಥ ಮಾಲಿ. ಬೇಸಿಗೆಯಲ್ಲಿ ಟ್ಯಾಂಕರ್ ತಡವಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಈ ಸಲ ಮಳೆ ಬಿದ್ದದ್ದೇ ತಡ, ಹುಲ್ಲಿನ ನಡುವೆ ಬಳ್ಳಾರಿ ಜಾಲಿ ತಲೆ ಎತ್ತಿತು. ಅಗೆದರೆ ಹುಲ್ಲು ಕೆಡುತ್ತದೆಂದು ಇಸಾಕ ಕುಡಗೋಲಿನಿಂದ ಕೊಯ್ದ. ಒಂದಿದ್ದಲ್ಲಿ ನಾಲ್ಕು ಚಿಗುರಿದವು. ಮತ್ತೆ ಕೊಯ್ದ, ಪೊದೆಯಾದವು. ಕೊನೆಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಅಡ್ಡಾಡುತ್ತಿದ್ದ ಸಾಹೇಬರ ಹೆಂಡತಿ ಅನುರಾಧಾರ ಅಂಗಾಲಿಗೆ ಮುಳ್ಳು ಹೊಕ್ಕು ಕೀವಾಯಿತು. ಸಾಹೇಬರ ಪಿತ್ತ ನೆತ್ತಿಗೇರಿತು.

"ಎಲ್ಲಾ ಆ ಭೀಮಾಬಾಯಿ ಗಿಡದ ಬೀಜ! ಇವತ್ತ ಕಡಿಸೇ ಬಿಡ್ತೀನಿ" ಎಂದು ಗರಗಸದವನನ್ನು ಕರೆಸಿದರು.

ಗೋಡೆಯಾಚೆ ಭೀಮಾಬಾಯಿಯ ಗುಡಿಸಲು, ಮೂರು ಆಡು, ಒಂದೇ ಜಾಲಿ ಮರ. ಮುದುಕಿ ಓಡಿಬಂದು ಬೊಡ್ಡೆ ತಬ್ಬಿಕೊಂಡಳು. "ಯಪ್ಪಾ, ಇದನ್ನ ಕಡದ್ರ ನನ್ನ ಆಡು ಏನ ತಿನ್ನಬೇಕ್ರಿ?"

ಬೀಜ ಎಲ್ಲಿಂದ ಬಂತೆಂದು ಇಸಾಕನಿಗೆ ಗೊತ್ತಿತ್ತು. ಬೇಸಿಗೆಯಲ್ಲಿ, ಹೊನವಾಡದಲ್ಲಿ ಕುರಿ ಹಿಂಡು ತಂಗಿದ್ದ ಹೊಲದಿಂದ ಗೊಬ್ಬರಕ್ಕೆಂದು ಟಂಟಂ ಗಾಡಿ ತುಂಬ ಕುರಿ ಹಿಕ್ಕೆ ತಂದಿದ್ದ. ಗುಂಡಿಯಲ್ಲಿ ಕೊಳೆಸಬೇಕಿತ್ತು, ಅವಸರಕ್ಕೆ ಹುಲ್ಲಿನ ಮೇಲೆ ಹಾಗೇ ಹರಡಿದ. ಕುರಿಯ ಹೊಟ್ಟೆಯಲ್ಲಿ ಜಾಲಿಕಾಯಿ ಕರಗುತ್ತದೆ, ಬೀಜ ಕರಗುವುದಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಅರವತ್ತರ ಮಾಲಿಯನ್ನು ಇನ್ಯಾರು ಇಟ್ಟುಕೊಳ್ಳುತ್ತಾರೆ? ಸುಮ್ಮನಿದ್ದರೆ ಮುದುಕಿಯ ಮರ ಹೋಗುತ್ತದೆ.

ಗರಗಸ ಗುರ್ ಎಂದಿತು.

"ನಿಲ್ಲಸ್ರಿ ಸಾಹೇಬ್ರ!" ಇಸಾಕ ತನ್ನ ದನಿಗೆ ತಾನೇ ಬೆಚ್ಚಿದ. "ಬೀಜ ಆಕಿ ಗಿಡದ್ದಲ್ರಿ. ನಾ ತಂದ ಹಿಕ್ಕಿಯೊಳಗ ಬಂದಾವ. ಗೊಬ್ಬರ ಬಿದ್ದಲ್ಲಷ್ಟ ಎದ್ದಾವ, ನೋಡ್ರಿ. ಗ್ವಾಡಿ ಬುಡಕ ಗೊಬ್ಬರ ಹಾಕಿಲ್ಲ, ಅಲ್ಲೆ ಒಂದೂ ಇಲ್ಲ."

ಸಾಹೇಬರು ನೋಡಿದರು. ಗೋಡೆಯ ಬುಡದಲ್ಲಿ ಬರೀ ಹುಲ್ಲಿತ್ತು.

"ಇಷ್ಟ ದಿನಾ ಗೊತ್ತಿತ್ತೇನು?"

"ಗೊತ್ತಿತ್ರಿ. ಅಂಜಿದ್ನಿರಿ."

"ಗೇಟಿನ ಕೀಲಿ ಇಟ್ಟು ನಡಿ."

ಇಸಾಕ ಕೀಲಿಯನ್ನು ಕಟ್ಟೆಯ ಮೇಲಿಟ್ಟ. ಕಣ್ಣು ತುಂಬಿತು, ಅದಕ್ಕೂ ನಾಚಿಕೆಯಾಯಿತು. ಗರಗಸದವನು ಯಂತ್ರ ಹೆಗಲಿಗೇರಿಸಿ ಹೊರಟ. ಇಸಾಕ ಮಾತ್ರ ಗೇಟಿನ ಕಡೆ ಹೋಗದೆ ಹಾರೆ ತಂದು, ಮೊದಲ ಪೊದೆಯ ಬುಡ ಅಗೆಯತೊಡಗಿದ. ಮಣ್ಣಿನೊಳಗಿನ ಗಂಟು ಸಮೇತ ಬಂದರೆ ಮಾತ್ರ ಜಾಲಿ ಸಾಯುತ್ತದೆ.

"ನಡಿ ಅಂದೆ, ಕೇಳಸ್ಲಿಲ್ಲೇನು?"

"ಕೇಳಸ್ತರಿ." ಅವನು ತಲೆ ಎತ್ತಲಿಲ್ಲ. "ನಾ ಹಚ್ಚಿದ ಮುಳ್ಳು ನಾನ ಕಿತ್ತು ಹೋಗ್ತೀನ್ರಿ. ಅವ್ವಾರು ಮತ್ತ ಇಲ್ಲೆ ಬರಿಗಾಲಲೆ ಅಡ್ಡಾಡಬೇಕಲ್ರಿ."