ಎಲ್ಲ ಗೊತ್ತಿದ್ದ ಮುನಿರಾಜು

ಬಾಳೆಕಾಯಿ ಹಿಡಿದು ಕಾಂಡೋಮ್ ಹಾಕುವ ಬಗೆಯನ್ನು ಮುನಿರಾಜು ತೋರಿಸಿದಷ್ಟು ಚೆನ್ನಾಗಿ ನಾನು ಎಂದೂ ತೋರಿಸಲಿಲ್ಲ. ಕಾಟನ್‌ಪೇಟೆಯ ಸಣ್ಣ ಸಂಸ್ಥೆಯೊಂದರಲ್ಲಿ ಏಡ್ಸ್ ಬಗ್ಗೆ ತಿಳಿಹೇಳುವ ಕೆಲಸ ನನ್ನದಾಗಿತ್ತು. ಆದರೆ ಜನ ಕೇಳುತ್ತಿದ್ದುದು ಅಲ್ಲಿಗೆ ಬಂದುಹೋಗುತ್ತಿದ್ದ ಅವನ ಮಾತನ್ನು. "ನಾಚ್ಕೋಬೇಡ ಗುರು, ನಾಚ್ಕೊಂಡ್ರೆ ಪ್ರಾಣ ಹೋಗೋ ವಿಷ್ಯ ಇದು" ಎಂದರೆ ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ಮೂವತ್ತು ದಾಟಿದ್ದ ಅವನು ಮಾರುಕಟ್ಟೆಯಲ್ಲಿ ಹೂವಿನ ಮೂಟೆ ಹೊರುತ್ತಿದ್ದ. ಬೆನ್ನುನೋವಿಗೆಂದು ಯಾರೋ ಚುಚ್ಚಿದ ಅಮಲಿನ ಸೂಜಿ ಚಟವಾಯಿತು. ಕೂಲಿ ಅದಕ್ಕೆ ಸಾಲದೆ, ಬಸ್ ನಿಲ್ದಾಣದ ಬಳಿ ನಿಂತು ಗಂಡಸರೊಂದಿಗೆ ಹೋಗತೊಡಗಿದ್ದ.

ಒಮ್ಮೆ ಕೇಳಿಯೇಬಿಟ್ಟೆ: "ಎಲ್ರಿಗೂ ಹೇಳ್ಕೊಡ್ತೀಯಲ್ಲ, ನೀನು ಹುಷಾರಾಗಿದೀಯಾ?"

"ಸೂಜಿ ಇಲ್ದೆ ಮೈ ನಡುಗ್ತಿರುತ್ತೆ ಸಾರ್. ಗಿರಾಕಿ ಕಾಂಡೋಮ್ ಬೇಡ ಅಂತಾನೆ. ನಾನು ಒಪ್ಲಿಲ್ಲ ಅಂದ್ರೆ ಪಕ್ಕದೋನ್ನ ಕರ್ಕೊಂಡ್ ಹೋಗ್ತಾನೆ. ನೀವು ಹೇಳಿದ್ದು ಮರ್ತಿರಲ್ಲ. ಆದ್ರೂ ಹೋಗ್ತೀನಿ."

ಸೂಜಿಯಾದರೂ ಅವನದೇ ಇರಲೆಂದು ಹೊಸ ಸಿರಿಂಜುಗಳನ್ನು ಕೊಂಡುಕೊಟ್ಟೆ. ಆ ವಾರವೇ ಪೊಲೀಸರು ಅವನ ಜೇಬು ತಡಕಿದರು. ಮರುದಿನ ಬಂದಾಗ ಎರಡೂ ಅಂಗೈ ಬಾತಿದ್ದವು. "ಇವೆಲ್ಲ ಇಟ್ಕೊಂಡ್ರೆ ಒದೆ ಬೀಳುತ್ತೆ ಸಾರ್, ಬೇಡ" ಎಂದು ಉಳಿದದ್ದನ್ನು ಮೇಜಿನ ಮೇಲಿಟ್ಟ. ಮತ್ತೆ ಗೆಳೆಯರ ಸೂಜಿಯೇ ಗತಿಯಾಯಿತು. ಠಾಣೆಗೆ ಹೋಗಿ ಮಾತಾಡಬೇಕೆಂದುಕೊಂಡೆ; ಹೋಗಲಿಲ್ಲ.

ಎರಡು ವರ್ಷದ ಮೇಲೆ ರಕ್ತಪರೀಕ್ಷೆಗೆ ಕರೆದೊಯ್ದೆ. ಸೋಂಕು ತಗುಲಿತ್ತು. "ನೀವ್ಯಾಕೆ ಸಾರ್ ಅಳ್ತೀರಾ?" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ. ಉಚಿತ ಔಷಧಿ ಆಗಿನ್ನೂ ಬಂದಿರಲಿಲ್ಲ; ಕೊಳ್ಳುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಚೆನ್ನಾಗಿ ಊಟ ಮಾಡಿ ಎಂದರು ವೈದ್ಯರು. ಹೊರಗೆ ಬಂದು ಅವನು ಒಂದೇ ಒಂದು ಕೇಳಿಕೊಂಡ: "ನಮ್ಮಕ್ಕಂಗೆ ಮಾತ್ರ ಗೊತ್ತಾಗ್ಬಾರ್ದು."

ಸೋಂಕಿಗೆ ಸೋತ ಮೈಗೆ ಕ್ಷಯವೂ ಅಂಟಿಕೊಂಡು, ಚಾಮರಾಜಪೇಟೆಯ ಅಕ್ಕನ ಮನೆಯಲ್ಲಿ ಮಲಗಿದ. ನಾನು ಕೊನೆಯ ಸಲ ಹೋದಾಗ ಮಾತು ನಿಂತಿತ್ತು. ಅಕ್ಕ ಚಮಚದಲ್ಲಿ ಕುಡಿಸುತ್ತಿದ್ದ ಗಂಜಿ ಕಟವಾಯಿಯಿಂದ ಇಳಿಯುತ್ತಿತ್ತು. ಹೊರಟಾಗ ಆಕೆ ಬಾಗಿಲವರೆಗೆ ಬಂದರು.

"ಏನಾಗಿದೆ ಸಾರ್ ಇವ್ನಿಗೆ? ನಿಜ ಹೇಳಿ."

"ಟಿಬಿ ಅಮ್ಮಾ."

"ಟಿಬಿಗೆ ಔಷ್ದಿ ಇದ್ಯಲ್ಲ ಸಾರ್. ನಮ್ಮ ಪಕ್ಕದ್ಮನೆಯವ್ರು ವಾಸಿಯಾಗಿ ಕೆಲ್ಸಕ್ಕೆ ಹೋಗ್ತಿದಾರೆ. ಓದ್ದೋರು ನೀವು, ಇಷ್ಟು ದಿನ ಜೊತೇಲೇ ಇದ್ರಲ್ಲ. ಮೊದ್ಲೇ ಯಾಕೆ ಕೊಡಿಸ್ಲಿಲ್ಲ?"

ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡೆ. "ತಪ್ಪಾಯ್ತಮ್ಮ" ಎಂದೆ.