ಹಸಿರು ಬಣ್ಣದ ಕ್ಯಾಂಪ್ ಲಾಟೀನು

ಮೊನ್ನೆ ನಮ್ಮ ಮನೆಯ ಗೇಟಿಗೆ ಹಸಿರು ಬಣ್ಣ ಬಳಿದರು. ಸೊಸೆ ಮೂಗಿಗೆ ಸೆರಗು ಹಿಡಿದು ಒಳಗೆ ಓಡಿದಳು. ನಾನು ಮಾತ್ರ ಕುರ್ಚಿ ಎಳೆದುಕೊಂಡು ಗೇಟಿನ ಹತ್ತಿರವೇ ಕೂತೆ. ಟರ್ಪೆಂಟೈನ್ ಬೆರೆತ ಎಣ್ಣೆಬಣ್ಣದ ಘಾಟು ತಲೆನೋವು ತರುವಂಥದ್ದು, ನಿಜ. ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕಾ ಎಂದು ಮನೆಮಂದಿಯೆಲ್ಲ ಗದರಿದರು. ನನಗೆ ಬೇಕಿತ್ತು. ಆ ವಾಸನೆ ಮೂಗಿಗೆ ಬಡಿದರೆ ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾಗುತ್ತಾರೆ. ಜಗಲಿಯ ಮೇಲೆ ಕಾಲು ಚಾಚಿ, ಮಡಿಲಲ್ಲಿ ಲಾಟೀನು ಇಟ್ಟುಕೊಂಡು ಕೂತಿರುತ್ತಿದ್ದರು…

ನಾನು ಮದುವೆಯಾಗಿ ಶೃಂಗೇರಿಯಿಂದ ಕೊಪ್ಪಕ್ಕೆ ಬಂದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ನಮ್ಮ ಪಾಲಿಗೆ ಯುದ್ಧವೆಂದರೆ ಸೀಮೆಎಣ್ಣೆ ಸಿಗದಿರುವುದು, ಇದ್ದಿಲಿನ ಹೊಗೆ ಉಗುಳುತ್ತ ಬಸ್ಸು ಏರಿನಲ್ಲಿ ನಿಂತುಬಿಡುವುದು, ಅಷ್ಟೇ. ನನ್ನವರು ಶಾಲೆಯ ಮೇಷ್ಟ್ರು. ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು, ಬಂದ ಮೇಲೂ ಮಾತು ಕಡಿಮೆ. ತುಂಬಿದ ಮನೆಯಲ್ಲಿ ಬೆಳೆದ ನನಗೆ ಆ ಹಗಲುಗಳನ್ನು ಹೇಗೆ ಕಳೆಯಬೇಕೆಂದೇ ತಿಳಿಯುತ್ತಿರಲಿಲ್ಲ. ಹಿತ್ತಲಿನಲ್ಲಿ ಕೂತು ಅತ್ತುಬಿಡುತ್ತಿದ್ದೆ. ಹಾಗೊಂದು ಮಧ್ಯಾಹ್ನ ಬೇಲಿಯ ಆಚೆಯಿಂದ ಅಕ್ಕ ಕೂಗಿದರು. "ಏ ಕೂಸೇ, ಒಬ್ಳೇ ಕೂತು ಎಂತ ಮಾಡ್ತಿ? ಬಾ ಇಲ್ಲಿ, ನಂಗೂ ಯಾರೂ ಇಲ್ಲ."

ಅಕ್ಕನ ಗಂಡ ಮರದ ಕಂಟ್ರಾಕ್ಟರೊಬ್ಬನ ಹತ್ತಿರ ಗುಮಾಸ್ತರಾಗಿದ್ದರಂತೆ. ನರಸಿಂಹರಾಜಪುರದ ಕಡೆ, ಕಡಹಿನಬೈಲು ದಾಟಿ ಕಾಡಿನೊಳಗೆ ಮರ ಕಡಿಸುವ ಕ್ಯಾಂಪು ಹಾಕಿದ್ದರು. ಒಂದು ಸಂಜೆ ಕೈಕಾಲು ತೊಳೆಯಲು ಹೊಳೆಗೆ ಇಳಿದವರು ಡೇರೆಗೆ ಮರಳಲಿಲ್ಲ. ಹುಲಿ ಎಂದರು, ಹೊಳೆಯ ಸುಳಿ ಎಂದರು, ಘಟ್ಟ ಇಳಿದು ಓಡಿಹೋದ ಎಂದೂ ಕೆಲವರು ಬಾಯಿಗೆ ಬಂದಂತೆ ಆಡಿದರು. ಹುಡುಕಿದವರಿಗೆ ಬಟ್ಟೆಯ ಚೂರೂ ಸಿಗಲಿಲ್ಲ. ಕೊನೆಗೆ ಗಾಡಿಯವನೊಬ್ಬ ಅವರ ಟ್ರಂಕು, ಹಾಸಿಗೆ ಮತ್ತು ಡೇರೆಯಲ್ಲಿ ತೂಗುತ್ತಿದ್ದ ಲಾಟೀನನ್ನು ತಂದು ಜಗಲಿಯ ಮೇಲಿಟ್ಟು ಹೋದ. ಮದುವೆಯಾಗಿ ಬಂದಾಗ ನನಗಿದ್ದಷ್ಟು ವಯಸ್ಸೂ ಅಕ್ಕನಿಗೆ ಆಗ ಆಗಿರಲಿಲ್ಲ. ಗಂಡನ ಜೊತೆ ಸಂಸಾರ ಮಾಡಿದ್ದು ನಾಲ್ಕು ದಿನ ಎನ್ನಬೇಕು, ಆತ ಕ್ಯಾಂಪಿನಲ್ಲಿದ್ದದ್ದೇ ಹೆಚ್ಚು.

ಹೀಗೆ ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾಯುವುದು ನಮ್ಮವರ ಪದ್ಧತಿ. ಅಷ್ಟರೊಳಗೆ ಸುದ್ದಿ ಬರದಿದ್ದರೆ ದರ್ಭೆಯಲ್ಲಿ ಒಂದು ದೇಹ ಮಾಡಿ, ಅದನ್ನು ಸುಟ್ಟು, ಸತ್ತವರಿಗೆ ಮಾಡುವುದನ್ನೆಲ್ಲ ಮಾಡಿಬಿಡುತ್ತಾರೆ. ಆ ಗಡುವು ನಾನು ಬಂದ ವರ್ಷವೇ ಮುಗಿಯಿತು. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಅಕ್ಕನ ಮೈದುನ ಬಂದು, "ಅಣ್ಣನ ಜೀವಕ್ಕೆ ಒಂದು ಗತಿ ಆಗ್ಬೇಕಲ್ಲ ಅತ್ತಿಗೆ" ಎಂದು ದಿನ ಗೊತ್ತುಮಾಡಿ ಹೋದರು. ಕೆಟ್ಟವರಲ್ಲ ಅವರು. ಅಷ್ಟೂ ವರ್ಷ ಅತ್ತಿಗೆಯ ಮನೆಗೆ ಅಕ್ಕಿ, ಬೆಲ್ಲ ಮುಟ್ಟಿಸಿದವರು ಅವರೇ. ಆದರೆ ಆ ಕರ್ಮ ನಡೆದರೆ ಅಕ್ಕನ ಬಳೆ, ಕುಂಕುಮ ಹೋಗುತ್ತಿತ್ತು. ಗಂಡ ಬಂದಾರೆಂದು ಬಾಯಿಬಿಟ್ಟು ಹೇಳುವ ಹಕ್ಕೂ ಹೋಗುತ್ತಿತ್ತು. ಅಕ್ಕ ಎದುರಾಡಲಿಲ್ಲ. ಮಾರನೆಯ ದಿನ ಅಟ್ಟ ಹತ್ತಿ ಲಾಟೀನು ಇಳಿಸಿದರು.

ಎಂಥ ಸ್ಥಿತಿಯಲ್ಲಿತ್ತು ಅದು! ತುಕ್ಕು ಹಿಡಿದು ಮುಟ್ಟಿದಲ್ಲೆಲ್ಲ ಹುಡಿ ಉದುರುತ್ತಿತ್ತು. ಬತ್ತಿ ಏರಿಸುವ ತಿರುಪು ಅಲುಗಾಡುತ್ತಿರಲಿಲ್ಲ, ಗಾಜಿನ ಮೇಲೆ ಜೇಡ ಸಂಸಾರ ಹೂಡಿತ್ತು. ಅಕ್ಕ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಕೂತರು. ಎಣ್ಣೆ ತುಂಬುವ ಬುಡದಲ್ಲಿ ಸಣ್ಣ ತೂತಿತ್ತು, ಕಲಾಯಿಯವನನ್ನು ಕರೆದು ಬೆಸುಗೆ ಹಾಕಿಸಿದರು. ತಿಕ್ಕುತ್ತ ತಿಕ್ಕುತ್ತ ಹಿಡಿಯ ಸಂದಿಯಲ್ಲಿ ಒಂದು ಚೂರು ಹಳೆಯ ಬಣ್ಣ ಕಂಡಿತು, ಹಸಿರು. ಅಲ್ಲಿಂದ ಹಸಿರಿಗಾಗಿ ಪರದಾಟ ಶುರುವಾಯಿತು. ನಾನು ನಮ್ಮ ಬಾಗಿಲಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತಂದುಕೊಟ್ಟೆ. ಅಕ್ಕ ಡಬ್ಬಿ ಮುಚ್ಚಿ ವಾಪಸು ಕೊಟ್ಟರು.

"ಯಾವ ಬಣ್ಣ ಆದ್ರೆ ಎಂತ ಅಕ್ಕ?" ಎಂದೆ.

"ಅವ್ರು ಬಂದ್ರೆ ಗುರ್ತ ಸಿಕ್ಬೇಕಲ್ಲ ಮಾರಾಯ್ತಿ" ಎಂದರು, ತಿಕ್ಕುವುದನ್ನು ನಿಲ್ಲಿಸದೆ.

ಬಸ್ಸಿಗೆ ಬಣ್ಣ ಬಳಿಯುವವನ ಡಬ್ಬಿಯ ತಳದಲ್ಲಿ ಕೊನೆಗೂ ಹಸಿರು ಸಿಕ್ಕಿತು. ಮೊದಲ ಸಲ ತಲೆಯಿಂದ ಬುಡದವರೆಗೆ ಬಳಿದು, ಒಣಗಿಸಿ, ಮುಸ್ಸಂಜೆ ಹಚ್ಚಿ ನೋಡಿದೆವು. ಬಿಸಿಗೆ ಮೇಲಿನ ಮುಚ್ಚಳದ ಬಣ್ಣ ದೋಸೆಯ ಹಾಗೆ ಗುಳ್ಳೆ ಎದ್ದು, ಮನೆಯೆಲ್ಲ ಘಾಟು. ಇಬ್ಬರೂ ಕೆಮ್ಮುತ್ತ ಹಿತ್ತಲಿಗೆ ಓಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕ ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ… ಮುಚ್ಚಳದ ಬಣ್ಣ ಪೂರಾ ಕೆರೆದು ತೆಗೆದು, ಉಳಿದದ್ದಕ್ಕೆ ಮತ್ತೊಂದು ಕೈ ಬಳಿದರು.

ಊರಿನವರು ಇದನ್ನೆಲ್ಲ ಬೇರೆಯೇ ತಿಳಿದುಕೊಂಡರು. ಹೋದ ಜೀವಕ್ಕೆ ಕತ್ತಲ ದಾರಿಯಲ್ಲಿ ಬೆಳಕಾಗಲಿ ಎಂದು ಹನ್ನೊಂದನೆಯ ದಿನ ದೀಪ ದಾನ ಕೊಡುವುದುಂಟು. ಗಂಡನ ಲಾಟೀನನ್ನೇ ದಾನಕ್ಕೆ ಅಣಿಮಾಡುತ್ತಿದ್ದಾಳೆ, ಪಾಪ, ಅಂತೂ ಮನಸ್ಸು ಗಟ್ಟಿಮಾಡಿಕೊಂಡಳು ಎಂದು ಬಂದವರೆಲ್ಲ ಹೊಗಳಿದರು. ಮೈದುನನ ಕಣ್ಣಲ್ಲಿ ನೀರೇ ಬಂತು. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಯಾರಿಗೂ ಹೇಳಬೇಡ ಎಂದು ಅಕ್ಕ ಮೊದಲೇ ಕೈಹಿಡಿದು ಹೇಳಿದ್ದರು.

ದರ್ಭೆಯ ದೇಹ ಸುಟ್ಟರು. ಹತ್ತನೆಯ ದಿನ ಬಳೆ ತೆಗೆಸಿದರು. ಅಕ್ಕ ಎಲ್ಲದಕ್ಕೂ ಕೂರೆಂದಾಗ ಕೂತು, ಏಳೆಂದಾಗ ಎದ್ದರು. ಮಾರನೆಯ ದಿನ ಕೊಡೆ, ಚಪ್ಪಲಿ, ಚೊಂಬು ಎಲ್ಲ ದಾನವಾದ ಮೇಲೆ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು, "ಅತ್ತಿಗೆ, ಲಾಟೀನು ಕೊಡಿ" ಎಂದರು. ಅಕ್ಕ ಬೋಳು ಕೈಗಳಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಇದು ದಾನಕ್ಕಲ್ಲ."

"ಮತ್ತೆ ಇಷ್ಟು ದಿನ ತಿಕ್ಕಿದ್ದು ಎಂತಕ್ಕೆ?"

"ಅವ್ರಿಗೆ."

"ಈಗ ಕೊಡ್ತಿರೋದೂ ಅಣ್ಣಂಗೇ ಅಲ್ವಾ ಅತ್ತಿಗೆ?"

"ದಾರಿ ತೋರ್ಸೋದೇ ಆದ್ರೆ ಇಲ್ಲಿಗೆ ಬರೋ ದಾರಿ ತೋರ್ಸ್ಲಿ" ಎಂದರು ಅಕ್ಕ. "ಅಲ್ಲಿಗೆ ಹೋಗೋ ದಾರಿ ಬ್ಯಾಡ."

ಜಗಲಿಯಲ್ಲಿ ಎಲ್ಲರಿಗೂ ಕೇಳಿಸಿತು. ಪುರೋಹಿತರು ಒಳ್ಳೆಯವರು, "ಹಿತ್ತಾಳೆ ದೀಪ ಒಂದು ಇದ್ರೆ ತಾ ಮಾರಾಯ, ಅದೇ ಸಾಕು" ಎಂದು ಮೈದುನನನ್ನು ಕರೆದರು. ನೆಂಟರು ಅವಳಿಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡು, ಊಟ ಮಾಡಿಕೊಂಡು ಹೋದರು.

ತಿಂಗಳೊಳಗೆ ಮನೆಗೆ ಬೀಗ ಬಿತ್ತು. ಇನ್ನು ಒಬ್ಬರೇ ಇರುವುದು ಬೇಡ ಎಂದು ಮೈದುನ ನಾರ್ವೆಗೆ ಕರೆದುಕೊಂಡು ಹೊರಟರು. ಗಾಡಿ ಹತ್ತುವ ಮೊದಲು ಅಕ್ಕ ಲಾಟೀನನ್ನು ನನ್ನ ಕೈಗೆ ಕೊಟ್ಟರು. "ಅವ್ರು ಬಂದು ಬೀಗ ನೋಡಿದ್ರೆ ನಿಮ್ಮನೆಗೇ ಬರ್ತಾರೆ. ನಾರ್ವೆ ದಾರಿ ಹೇಳಿ ಕಳ್ಸು" ಎಂದರು. ನಾನು ಅವರನ್ನು ನೋಡಿಯೇ ಇಲ್ಲವಲ್ಲ ಅಕ್ಕ, ನೋಡಲು ಹೇಗಿದ್ದರು ಎಂದು ಕೇಳಿದೆ.

"ಹೆಂಗಿದ್ರು ಅಂದ್ರೆ…" ಎಂದು ಅಕ್ಕ ಶುರುಮಾಡಿದರು. ನನ್ನ ಮುಖ ನೋಡಿದರು, ಲಾಟೀನು ನೋಡಿದರು. ಅವರ ಕಣ್ಣಿನಲ್ಲಿ ಒಂದು ಗಾಬರಿ ಎದ್ದದ್ದನ್ನು ನಾನು ಕಂಡೆ. ಕರ್ಮದ ದಿನವೂ ಆ ಗಾಬರಿ ಇರಲಿಲ್ಲ.

"ನೀ ಇದನ್ನ ಜಗಲೀಲಿ ನೇತಾಕು ಕೂಸೇ. ಅವ್ರೇ ಗುರ್ತ ಹಿಡೀತಾರೆ" ಎಂದು ಹೇಳಿ ಗಾಡಿ ಹತ್ತಿದರು.

ನಾವು ಕೊಪ್ಪದಲ್ಲಿದ್ದಷ್ಟು ಕಾಲ ನೇತುಹಾಕಿದೆ. ಎಣ್ಣೆ ಇಲ್ಲದ ದಿನ ಹಚ್ಚದೆಯೇ ನೇತುಹಾಕಿದೆ. ಯಾರೂ ಬರಲಿಲ್ಲ. ಅಕ್ಕ ನಾರ್ವೆಯಲ್ಲೇ ತೀರಿಕೊಂಡರೆಂಬ ಸುದ್ದಿ ನನಗೆ ತಡವಾಗಿ ತಿಳಿಯಿತು. ನನ್ನವರಿಗೆ ಊರೂರಿಗೆ ವರ್ಗವಾಗುತ್ತಿದ್ದಾಗ ಲಾಟೀನಿನ ಗಾಜು ಒಡೆಯಿತು, ಬುಡ ಸೋರಿತು, ಕೊನೆಗೆ ಅದೂ ಇಲ್ಲವಾಯಿತು. ಈಗ ನನ್ನವರೂ ಇಲ್ಲ.

ಬಣ್ಣದವನು ಹೋದ ಮೇಲೂ ನಾನು ಹೊರಗೇ ಕೂತಿದ್ದೆ. ಸೊಸೆ ಕಾಫಿ ತಂದುಕೊಟ್ಟು, ಯಾರನ್ನೋ ನೆನೆಸಿಕೊಳ್ಳುತ್ತಿದ್ದೀರಲ್ಲ ಎಂದಳು. ಅಕ್ಕನ ವಿಷಯ ಹೇಳಿದೆ. ಕೇಳಿಸಿಕೊಂಡು, ನೋಡಲು ಹೇಗಿದ್ದರು ಅವರು ಎಂದಳು. ಉಗುರಿನ ಸಂದಿಯ ಹಸಿರು ನೆನಪಿತ್ತು, ಆ ನಗು ಕಿವಿಯಲ್ಲಿತ್ತು. ಹೇಗಿದ್ದರು ಎಂದರೆ… ಎಂದು ಶುರುಮಾಡಿದೆ. ಅಕ್ಕನ ಮುಖ ನೆನಪಿಗೆ ಬರಲಿಲ್ಲ.