ಆರ್ಯ ಎಂದರೆ ಇಳಿಸು

ನಂಜನಗೂಡಿನ ಕೈಗಾರಿಕಾ ಪ್ರದೇಶದಿಂದ ನಾವು ಹೊರಟಾಗ ಬೆಳಿಗ್ಗೆ ಏಳೂವರೆ. ನಾವು ಎಂದರೆ ಕ್ರೇನ್ ಲಾರಿ ಓಡಿಸುವ ಮಹದೇವಣ್ಣ, ಕೊಕ್ಕೆಗೆ ಬೆಲ್ಟ್ ಸಿಕ್ಕಿಸಿ ಏರಿಸು ಇಳಿಸು ಎಂದು ಕೂಗುವ ನಾನು, ಮತ್ತು ಹಿಂದೆ ಮರದ ದಿಮ್ಮಿಗಳ ಮೇಲೆ ಚೈನು ಬಿಗಿಸಿಕೊಂಡು ಕೂತಿದ್ದ, ಕಬ್ಬಿಣ ಕಡೆಯುವ ಎರಡೂವರೆ ಟನ್ನಿನ ಲೇತು. ನಾಲ್ಕನೆಯವರು ಲೇತಿನ ಯಜಮಾನರಾದ ಪುಟ್ಟಸ್ವಾಮಣ್ಣ. ಹಿಂದೆ ಮಿಷಿನ್ನಿನ ಪಕ್ಕದಲ್ಲೇ ಕೂರುತ್ತೇನೆಂದು ಹಟ ಹಿಡಿದಿದ್ದವರನ್ನು ಮಹದೇವಣ್ಣ ಗದರಿಸಿ ಕ್ಯಾಬಿನ್ನಿಗೆ ಹತ್ತಿಸಿದ.

ಅವರ ಹಟಕ್ಕೆ ಕಾರಣವಿತ್ತು. ಹತ್ತೊಂಬತ್ತು ವರ್ಷ ಅದೇ ಲೇತಿನ ಮುಂದೆ ನಿಂತು ಕೆಲಸ ಮಾಡಿದವರು. ಕಾರ್ಖಾನೆಗೆ ಕಂಪ್ಯೂಟರ್ ಮಿಷಿನ್ನು ಬಂದ ಮೇಲೆ ಹಳೆಯವನ್ನೆಲ್ಲ ಗುಜರಿಗೆ ಹಾಕಿದರು, ಅವುಗಳನ್ನು ನಡೆಸುತ್ತಿದ್ದವರನ್ನೂ ಮನೆಗೆ ಕಳಿಸಿದರು. ಇವರು ತಮ್ಮ ಮಿಷಿನ್ನನ್ನು ಕೇಳಿ ಪಡೆದುಕೊಂಡಿದ್ದರು. ತಿ. ನರಸೀಪುರದಾಚೆ ಮುಡುಕುತೊರೆ ರಸ್ತೆಯಲ್ಲಿ ಅಪ್ಪ, ಮಗಳು ಸೇರಿ ಪಂಪಿನ ಶಾಫ್ಟು, ಕಬ್ಬಿನ ಗಾಣದ ರೋಲು ರಿಪೇರಿಯ ವರ್ಕ್‌ಶಾಪ್ ತೆಗೆಯುವವರಿದ್ದರು.

"ಈ ವಯಸ್ನಲ್ಲಿ ನಂಗ್ಯಾರು ಕೆಲ್ಸ ಕೊಟ್ಟಾರು? ಇದ್ರ ಬೆಡ್ಡು ತಿರುಚ್ಕತು ಅಂದ್ರೆ ಮುಗೀತು ಕಣಪ್ಪ" ಎಂದರು. ಬೆಡ್ಡು ಎಂದರೆ ಲೇತಿನ ಬೆನ್ನುಮೂಳೆ. ಒಂದು ಮೂಲೆ ಧಡಕ್ಕೆಂದು ಕುಕ್ಕಿದರೂ ಸಾಕು, ಆಮೇಲೆ ಅದರಲ್ಲಿ ಕಡೆದ ಕಂಬಿ ಒಂದು ತುದಿ ದಪ್ಪ, ಒಂದು ತುದಿ ಸಣ್ಣ.

ಕಪಿಲಾ ಸೇತುವೆ ದಾಟಿದ ಮೇಲೆ ಎಡಬಲಕ್ಕೆ ಗದ್ದೆ, ಕಬ್ಬು. ದಾರಿ ಮೂವತ್ತು ಕಿಲೋಮೀಟರ್ ಆಚೀಚೆ. ಬಸ್ಸು ಒಂದು ಗಂಟೆಯಲ್ಲಿ ಮುಗಿಸುವುದನ್ನು ನಾವು ಮೂರು ಗಂಟೆಗೆ ಎಳೆದೆವು. ಊರು ಬಂದಾಗಲೆಲ್ಲ ನಾನು ಹಿಂದೆ ಹತ್ತಿ, ಜೋತುಬಿದ್ದ ಕೇಬಲ್ ಟಿವಿ ವೈರನ್ನು ಬಿದಿರಿನ ಗಳುವಿನಿಂದ ಎತ್ತಿ ಹಿಡಿಯಬೇಕು. ಒಂದು ಊರಿನಲ್ಲಿ ಅಜ್ಜಿಯೊಬ್ಬರು ಜಗಲಿಯಿಂದಲೇ, ಸೀರಿಯಲ್ಲು ನಿಂತುಹೋದರೆ ಲಾರಿಯನ್ನು ಮುಂದಕ್ಕೆ ಬಿಡುವುದಿಲ್ಲ ಎಂದು ಎಚ್ಚರಿಸಿದರು. ಮುಂದಿನ ಊರಿನವರೆಗೂ ನಾನು ಅವರದೇ ಧ್ವನಿಯಲ್ಲಿ ಮಾತಾಡುತ್ತ ಆ ಅಜ್ಜಿಯಾಗಿಯೇ ಪ್ರಯಾಣ ಮಾಡಿದೆ. ಸುತ್ತೂರಿನ ಹತ್ತಿರ ಇಡ್ಲಿ ತಿನ್ನುವಾಗ ಹೋಟೆಲಿನ ಮಾಣಿಯ ರಾಗದಲ್ಲಿ ಅವನಿಗೇ ಆರ್ಡರ್ ಹೇಳಿ, ಅದಕ್ಕೆ ತಕ್ಕಂತೆ ತಣ್ಣಗಿನ ಸಾಂಬಾರ್ ಪಡೆದೆ.

ರಸ್ತೆಯುಬ್ಬು ಬಂದಾಗಲೆಲ್ಲ ಪುಟ್ಟಸ್ವಾಮಣ್ಣ ಸೀಟಿನಿಂದ ಒಂದು ಗೇಣು ಮೇಲೇಳುತ್ತಿದ್ದರು, ತಾವು ಹಗುರಾದರೆ ಲೇತಿಗೆ ಏಟು ಕಡಿಮೆ ಬೀಳುತ್ತದೆ ಎಂಬಂತೆ. ನಾನು ಅಣಕಿಸಲು ಶುರುಮಾಡಿದೆ. ನಾಲ್ಕನೆಯ ಉಬ್ಬಿನ ಹೊತ್ತಿಗೆ ಮೂವರೂ ಏಳುತ್ತಿದ್ದೆವು, ಯಾರೂ ನಗುತ್ತಿರಲಿಲ್ಲ.

ಜಾಗ ತಲುಪಿದಾಗ ಹತ್ತೂವರೆ. ಶೆಡ್ಡಿಗೆ ಗೋಡೆಗಳು ಎದ್ದಿದ್ದವು, ಮೇಲೆ ಶೀಟು ಹಾಕಿರಲಿಲ್ಲ. ಲೇತನ್ನು ಆಕಾಶದ ಕಡೆಯಿಂದಲೇ ಇಳಿಸಬೇಕಿತ್ತು. ಕಾಂಕ್ರೀಟಿನಲ್ಲಿ ನಾಲ್ಕು ಬೋಲ್ಟುಗಳು ತಲೆಯೆತ್ತಿ ನಿಂತಿದ್ದವು. ಲೇತಿನ ಕಾಲಿನ ತೂತುಗಳು ಸರಿಯಾಗಿ ಅವುಗಳ ಮೇಲೆಯೇ ಕೂರಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ಮಹದೇವಣ್ಣ ಹುಲ್ಲಹಳ್ಳಿ ಕಡೆಯವನಾದರೂ ಕೆಲಸ ಕಲಿತದ್ದು ಮಂಗಳೂರು ಬಂದರಿನಲ್ಲಿ. ಅಲ್ಲಿ ಸರಕು ಎತ್ತಿಳಿಸುವ ಖಲಾಸಿಗಳಿಗೆ ಏರಿಸು ಎನ್ನಲು 'ಹಬೇಸ್', ಇಳಿಸು ಎನ್ನಲು 'ಆರ್ಯ'. ಯಾವ ಭಾಷೆಯೋ ಅವನಿಗೂ ಗೊತ್ತಿಲ್ಲ. ನಾವು ಕೂಗುವುದು ಅವೆರಡನ್ನೇ. ಬೇರೆ ಏನು ಕೂಗಿದರೂ ಅವನ ಕೈ ಅಲುಗುವುದಿಲ್ಲ. ಅವೆರಡನ್ನು ಮಾತ್ರ ಅವನ ಕಿವಿಗಿಂತ ಮೊದಲು ಕೈಯೇ ಕೇಳಿಸಿಕೊಳ್ಳುತ್ತದೆ.

ಅವನು ಖಾಲಿ ಕೊಕ್ಕೆಯನ್ನು ಎತ್ತಿ ನೋಡುತ್ತಿದ್ದಾಗ ಪುಟ್ಟಸ್ವಾಮಣ್ಣನ ಹೆಂಡತಿ ರತ್ನಮ್ಮ ಶೆಡ್ಡಿನ ಪಕ್ಕದ ತಮ್ಮ ಮನೆಯ ಕಡೆ ತಿರುಗಿ, "ಆರ್ಯಾ, ಕಾಪಿ ತಕಬಾವ್ವ" ಎಂದು ಕೂಗಿದರು. ಕೊಕ್ಕೆ ಎರಡಡಿ ಕೆಳಗೆ ಬಂತು. ಡಿಪ್ಲೊಮಾ ಮುಗಿಸಿದ್ದ ಮಗಳ ಹೆಸರು ಆರ್ಯ. ವಿಷಯ ತಿಳಿದು ಎಲ್ಲರೂ ನಕ್ಕೆವು. ಲೇತು ನೆಲ ಮುಟ್ಟುವವರೆಗೂ ಆ ಹುಡುಗಿಗೆ ಹೆಸರಿಲ್ಲ ಎಂದು ಮಹದೇವಣ್ಣ ಕಟ್ಟಪ್ಪಣೆ ಮಾಡಿದ. ಕಾಫಿ ಕುಡಿಯುತ್ತ ನಾನು ರತ್ನಮ್ಮನ ಧ್ವನಿಯಲ್ಲಿ ಅದೇ ಕರೆಯನ್ನು ಮೂರು ಸಲ ಕೂಗಿ ತೋರಿಸಿದೆ. ಮೂರನೆಯದಕ್ಕೆ ಮಗಳು ನಿಜವೆಂದೇ ತಿಳಿದು "ಏನವ್ವ" ಎಂದಳು.

ಲೇತು ಎದ್ದಿತು, ಗೋಡೆ ದಾಟಿತು, ಬೋಲ್ಟುಗಳ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ನಿಂತಿತು. ಪುಟ್ಟಸ್ವಾಮಣ್ಣ ಕುಕ್ಕರುಗಾಲಲ್ಲಿ ಕೂತು ತೂತನ್ನು ಬೋಲ್ಟಿಗೆ ಸರಿಹೊಂದಿಸುತ್ತಿದ್ದರು. ಲೇತು ತಿರುಗದಂತೆ ಆಚೆ ತುದಿಯ ಹಗ್ಗ ಹಿಡಿದಿದ್ದ ಮಗಳ ಮುಖ ಪರೀಕ್ಷೆಗೆ ಕೂತವಳ ಮುಖದಂತಿತ್ತು. ಅವಳನ್ನು ನಗಿಸಬೇಕು ಅನ್ನಿಸಿತು. ಇಷ್ಟೇ ನನ್ನ ಕಾರಣ, ಇದಕ್ಕಿಂತ ದೊಡ್ಡದು ಹುಡುಕಿದರೂ ಸಿಕ್ಕಿಲ್ಲ. ಅವಳ ಅಮ್ಮನ ಧ್ವನಿಯಲ್ಲಿ, ಮೆಲ್ಲಗೆ, "ಆರ್ಯಾ" ಎಂದೆ.

ಟಣ್ ಎಂದು ಒಂದು ಸದ್ದು. ಹಿಂದಿನ ಕಾಲು ಬೋಲ್ಟಿನ ತಲೆಗೆ ಬಡಿದು, ಜಾರಿ, ಕಾಂಕ್ರೀಟನ್ನು ಕುಕ್ಕಿತು. ಪುಟ್ಟಸ್ವಾಮಣ್ಣ ಕೈ ಎಳೆದುಕೊಂಡು ನೋಡಿಕೊಂಡರು, ಐದು ಬೆರಳೂ ಇದ್ದವು. ಮರುಕ್ಷಣವೇ ಆ ಕೈಯಿಂದ ಬೆಡ್ಡನ್ನು ಉದ್ದಕ್ಕೂ ಸವರತೊಡಗಿದರು.

ಮಹದೇವಣ್ಣ ಇಳಿದು ಬಂದ. "ನನ್ ಕೈ ತಪ್ತು ಕಣಣ್ಣ" ಎಂದ. ನನ್ನ ಕಡೆ ನೋಡಲಿಲ್ಲ. ಕೂಗುವವನ ಬಾಯಿ ಸುಳ್ಳು ಎಂದು ಗೊತ್ತಾದರೆ ಅವನನ್ನು ಯಾವ ಕ್ರೇನಿನವರೂ ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ಅವನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದ.

"ಕೂಗಿದ್ದು ನಾನು. ಅಮ್ಮನ ಥರ ಕೂಗ್ದೆ" ಎಂದೆ. ಬಹಳ ಹೊತ್ತಿನ ನಂತರ ನನ್ನದೇ ಧ್ವನಿಯಲ್ಲಿ ಆಡಿದ ಮಾತು ಅದು. ಅಷ್ಟೇನೂ ಚೆನ್ನಾಗಿರಲಿಲ್ಲ.

ಪುಟ್ಟಸ್ವಾಮಣ್ಣ ಬಯ್ಯಲಿಲ್ಲ. "ಅದ ಆಮೇಲ್ ಮಾತಾಡನ. ಮೊದ್ಲು ಎತ್ಸು" ಎಂದರು.

ಸೊಟ್ಟಗಾದ ಬೋಲ್ಟಿಗೆ ಪೈಪು ತೂರಿಸಿ ನೆಟ್ಟಗೆ ಮಾಡಿದೆವು. ಮತ್ತೆ ಇಳಿಸಿದೆವು. ಗಾರೆಯವರು ಬಳಸುವಂಥದೇ, ಆದರೆ ಬಲು ಸೂಕ್ಷ್ಮವಾದ ರಸಮಟ್ಟವನ್ನು ಬೆಡ್ಡಿನ ಮೇಲಿಟ್ಟು, ಕಾಲಿನಡಿ ತಗಡಿನ ಚೂರು ಸೇರಿಸುತ್ತ, ತೆಗೆಯುತ್ತ ಮಧ್ಯಾಹ್ನ ಕಳೆಯಿತು. ರತ್ನಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ನನಗೂ ಎಲ್ಲರಷ್ಟೇ ದೊಡ್ಡ ಮುದ್ದೆ ಹಾಕಿದರು.

ಮೂರೂವರೆಗೆ ಆರ್ಯ ಮೋಟರಿಗೆ ಕರೆಂಟು ಕೊಟ್ಟಳು. ಮೊಳದುದ್ದದ ಕಂಬಿಯನ್ನು ಪುಟ್ಟಸ್ವಾಮಣ್ಣ ಎರಡು ತುದಿಗೂ ಆಸರೆ ಕೊಟ್ಟು ಕೂರಿಸಿ, ತೆಳ್ಳಗೆ ಒಂದು ಸುತ್ತು ಕಡೆದರು. ಅವಳು ಎರಡೂ ತುದಿ ಅಳೆದಳು, ಇನ್ನೊಮ್ಮೆ ಅಳೆದಳು.

"ಅಪ್ಪ, ಆ ಕಡೆ ಒಂದ್ ಕೂದ್ಲು ದಪ್ಪ ಅದೆ."

ಅವರು ತಾವೂ ಅಳೆದರು. ಮಿಷಿನ್ನನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ನನ್ನನ್ನು.

"ಅದು ಮೊದ್ಲಿಂದ್ಲೂ ಇತ್ತು ಕಣವ್ವ. ಅತ್ತೊಂಬತ್ ವರ್ಸ ಕೈಯಾಗೇ ಸರಿ ಮಾಡ್ಕತಿದ್ದೆ. ನಿಂಗೂ ಕಲಿಸ್ತೀನಿ ಬಾ."

ಹಿಂದಿನ ಆಸರೆಯ ತಿರುಪನ್ನು ಮುಟ್ಟಿದರೋ ಇಲ್ಲವೋ ಎನ್ನುವಷ್ಟು ತಿರುಗಿಸಿ ಇನ್ನೊಂದು ಸುತ್ತು ಕಡೆದರು. ಈ ಸಲ ಎರಡು ತುದಿಯೂ ಒಂದೇ ಅಳತೆ ಬಂದವು. ಅವಳು ತಿರುಪಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡಳು. ವರ್ಕ್‌ಶಾಪ್ ನಡೆಯುತ್ತದೆ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಹಿಂತಿರುಗುವಾಗ ಲಾರಿ ಖಾಲಿ, ದಾರಿಯೆಲ್ಲ ಕುಲುಕಾಟ. ನರಸೀಪುರದ ಸೇತುವೆಯ ಮೇಲೆ ಬಿಸಿಲು ಇಳಿಯುತ್ತಿತ್ತು, ಕೆಳಗೆ ನೀರು ಅಗಲವಾಗಿ ಹರಿಯುತ್ತಿತ್ತು. ನಾನು ಪುಟ್ಟಸ್ವಾಮಣ್ಣನ ಆ ಮಾತನ್ನು ಅವರ ಗಂಟಲಿನಲ್ಲೇ ಹೇಳಿ ನೋಡುತ್ತಿದ್ದೆ. 'ಅದು ಮೊದ್ಲಿಂದ್ಲೂ ಇತ್ತು ಕಣವ್ವ.' ಒಬ್ಬರ ಮಾತನ್ನು ಹತ್ತು ಸಲ ಆಡಿದರೆ ಅದು ಎಲ್ಲಿಂದ ಹೊರಟಿತೆಂದು ನನಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ನಿಜವಾಗಿಯೂ ಇದ್ದದ್ದನ್ನು ಹೇಳಿದವರ ಹಾಗೆ ಆಡಿದೆ. ನನಗಾಗಿ ಸುಳ್ಳು ಹೇಳಿದವರ ಹಾಗೆ ಆಡಿದೆ. ಎರಡೂ ಒಂದೇ ಥರ ಕೇಳಿಸಿದವು.

ಮಹದೇವಣ್ಣ ಗೇರು ಬದಲಿಸಿದ.

"ಸಾಕು ಬುಡ್ಲಾ" ಎಂದ. "ನಿಜ ಆದ್ರೂ ಸುಳ್ಳಾದ್ರೂ ಅಂಥೋರು ಅಂಗೇ ಯೋಳೋದು."